ಹೋಗಿ ಬಂದವನ ವಯಸ್ಸು

ಚಿತ್ತಾಪುರ
೯ ಬಹಮನ್, ೧೩೪೪ ಫಸಲಿ

ಸುಲೇಪೇಟ ಗ್ರಾಮದ ಬೇವಿನ ಕಟ್ಟೆಯ ಮೇಲೆ ನೆರೆದಿರುವ ಮಹಾಸಭೆಗೆ, ಚಿತ್ತಾಪುರದ ಕನ್ನಡ ಶಾಲೆಯ ಏಕಮೇವ ಮಾಸ್ತರನಾದ ಗುರುಲಿಂಗಯ್ಯನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಹೊರಸಿನ ಮೇಲೆ ಅಧ್ಯಕ್ಷ ಪದವಿಯಲ್ಲಿ ಕುಳಿತಿರುವ, ನನ್ನ ತಂಗಿಯ ಅತ್ತೆಯವರಾದ ಭಾಗಮ್ಮನವರೇ. ಕನ್ನಡಕ ಒರೆಸಿಕೊಂಡು ಈ ಪತ್ರವನ್ನು ಓದಿ ಹೇಳುತ್ತಿರುವ ಜಾನಕೀಬಾಯಿಯವರೇ. ಬೀಸುವ ಕಲ್ಲನ್ನು ನಿಲ್ಲಿಸಿ ಗೋಡೆಯಾಚೆಯಿಂದ ಕಿವಿ ಕೊಟ್ಟಿರುವ ನೆರೆಹೊರೆಯವರೇ. ಕೇಳಿಸುತ್ತಿಲ್ಲವೆಂಬಂತೆ ಅಡಿಕೆ ಕತ್ತರಿಸುತ್ತಿರುವ ಹಿರಿಯರೇ. ಮತ್ತು ಈ ಪತ್ರ ನಿಜಕ್ಕೂ ಯಾರ ಹೆಸರಿಗೆ ಬಂದಿದೆಯೋ ಆ ನನ್ನ ತಂಗಿ ಚಂದಮ್ಮಾ, ಕೂಡಲು ಜಾಗ ಉಳಿದಿದ್ದರೆ ಕೂಡು, ಇಲ್ಲದಿದ್ದರೆ ನಿಂತೇ ಕೇಳು. ನಿನ್ನ ಮನೆಗೆ ಬರೆದ ಪತ್ರವೆಂದರೆ ಓಣಿಗೆ ಬರೆದ ಪತ್ರವೆಂಬುದು ನನಗೆ ತಿಳಿಯದ್ದಲ್ಲ.

ನಾವೆಲ್ಲ ಕ್ಷೇಮ. ಹೋದ ಬೇಸಿಗೆಯಲ್ಲಿ ನಾನೇ ಕರೆತಂದು ಶಹಾಬಾದಿನ ಒಂದು ಫರಸಿ ಅಂಗಳದಲ್ಲಿ ಹಾಸುಗಲ್ಲು ತಿಕ್ಕುವ ಕೆಲಸಕ್ಕೆ ಹಚ್ಚಿದ ನಿನ್ನ ಮಗ ರೇವಣಸಿದ್ದಯ್ಯನೂ ಕ್ಷೇಮ. ಆ ಕೆಲಸದ ಬಗ್ಗೆ ಸಭೆಯ ಮುಂದೆ ಎರಡು ಸಾಲು:

ತಿಕ್ಕಿದಷ್ಟೂ ಫರಸಿಗೆ ನುಣುಪು,
ತಿಕ್ಕಿದವನ ಮೋರೆಗೆ ಸುಣ್ಣದ ಬಿಳುಪು.

ಈಗ ಅವನು ಶಹಾಬಾದಿನಲ್ಲಿಲ್ಲ. ಚಿತ್ತಾಪುರಕ್ಕೇ ಬಂದಿದ್ದಾನೆ. ಆದರೆ ನನ್ನ ಮನೆಯಲ್ಲಿಲ್ಲ, ಸರ್ಕಾರದ ಕಟ್ಟಡದಲ್ಲಿದ್ದಾನೆ.

ಅನ್ನ ಸರ್ಕಾರದ್ದು, ಸೂರು ಸರ್ಕಾರದ್ದು,
ಎದ್ದು ನಿಲ್ಲಲು ಅಪ್ಪಣೆಯೂ ಸರ್ಕಾರದ್ದು.

ಇಂಥ ಯೋಗ ನನ್ನಂಥ ಓದಿದವನಿಗೂ ಬಂದಿಲ್ಲ. ಧಾರವಾಡದಲ್ಲಿ ಕನ್ನಡ ಕಲಿತು ಉರ್ದು ರಾಜ್ಯಕ್ಕೆ ಮರಳಿದವನು ನಾನು. ಛತ್ರಿ ಮಾರುವುದನ್ನು ಕಲಿತು ಮಳೆಯಿಲ್ಲದ ಊರಿಗೆ ಬಂದ ಹಾಗೆ.

ಒಂದು ಸಣ್ಣ ಕೆಲಸ. ಇಲ್ಲಿ ಕೇಳುತ್ತಿದ್ದಾರೆ, ಉತ್ತರ ಕೊಡಬೇಕು. ರೇವಣಸಿದ್ದಯ್ಯನಿಗೆ ಈಗ ಖಚಿತವಾಗಿ ವಯಸ್ಸೆಷ್ಟು? ನೀನೇ ನೆನೆಸಿಕೊಂಡು, ನಿಧಾನವಾಗಿ, ಬೇರೆ ಯಾರನ್ನೂ ಕೇಳದೆ ಬರೆಸು.

ಸಭೆ ಬರಖಾಸ್ತು.

ನಿನ್ನ ಅಣ್ಣ
ಗುರುಲಿಂಗಯ್ಯ

•

ಸುಲೇಪೇಟ
ಭಾವ ಸಂವತ್ಸರ, ಮಾರ್ಗಶಿರ ಬಹುಳ ತದಿಗೆ

ಗುರುಲಿಂಗಯ್ಯ ಮಾಸ್ತರರಿಗೆ ಜಾನಕೀಬಾಯಿ ಬರೆಯುವುದು. ನಿಮ್ಮ ತಂಗಿ ಹೇಳಿದ ಹಾಗೆ ಬರೆಯುತ್ತಿದ್ದೇನೆ. ಹೇಳುವಾಗ ಆಕೆ ಒಬ್ಬಳೇ ಇರಲಿಲ್ಲ. ನೀವು ಬರೆದ ಸಭೆಯೇ ಇತ್ತು.

ಹುಡುಗ ಸರ್ಕಾರಿ ನೌಕರಿ ಸೇರಿದನೆಂದು ಓಣಿಯಲ್ಲಿ ಸಕ್ಕರೆ ಹಂಚಿದರು. ಭಾಗಮ್ಮನವರು ನನಗೂ ಒಂದು ಹಿಡಿ ಕೊಟ್ಟು, ಎದ್ದು ನಿಲ್ಲಲೂ ಅಪ್ಪಣೆ ಬೇಕೆಂದರೆ ಅದು ಕಚೇರಿಯೇ ಸರಿ, ಚಂದಮ್ಮನ ಮಾವನವರು ದೇಶಮುಖರ ಕಚೇರಿಯಲ್ಲಿ ಹಾಗೆಯೇ ಇದ್ದರು ಎಂದರು.

ವಯಸ್ಸಿನ ವಿಷಯ. ನೀವು ಯಾರನ್ನೂ ಕೇಳಬೇಡವೆಂದು ಬರೆದಿದ್ದಿರಿ. ನಾನು ಆ ಸಾಲನ್ನು ಓದಿ ಮುಗಿಸುವ ಮೊದಲೇ ಭಾಗಮ್ಮನವರು ಉತ್ತರ ಕೊಟ್ಟರು: “ಹದಿನೇಳು ತುಂಬ್ಯಾವ. ಬರಕೋರಿ.”

ಇನ್ನು ಚಂದಮ್ಮ ಹೇಳಿದ್ದು: “ಅಣ್ಣಾ, ಸೋದರಮಾವ ವಯಸ್ಸು ಕೇಳ್ತಾನಂದ್ರ ಯಾಕಂತ ತಿಳೀಲಾರದಷ್ಟು ಹುಚ್ಚಿ ಅಲ್ಲ ನಾ. ನಿನ್ನ ಮಗಳು ಶಿವಮ್ಮ ನನ್ನ ಕೈಯಾಗ ಬೆಳದಾಕಿ. ಸುತ್ತು ಹಾಕಿ ಬರೀಬ್ಯಾಡ, ಸೀದಾ ಕೇಳು. ಹದಿನೇಳು ಆಗ್ಯಾವ, ಸರ್ಕಾರಿ ನೌಕರಿ ಆಗ್ಯದ, ಇನ್ನ ತಡ ಯಾಕ?”

ಭಾಗಮ್ಮನವರು ಪೆಟ್ಟಿಗೆಯಿಂದ ತಮ್ಮ ಮದುವೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾರೆ. ನುಸಿ ತಿಂದ ಅಂಚನ್ನು ಮಡಚಿ ಹೊಲಿದರೆ ಶಿವಮ್ಮನಿಗೆ ಸರಿಹೋಗುತ್ತದಂತೆ.

ಇಲ್ಲಿಗೆ ಅವರ ಮಾತು ಮುಗಿಯಿತು. ಇದು ನನ್ನದು: ಹದಿನೇಳು ಎನ್ನುವ ಮೊದಲು ಚಂದಮ್ಮ ಅತ್ತೆಯ ಮುಖ ನೋಡಿದಳು. ನಾನು ಬರೆಯುವವಳು, ಕೇಳುವವಳಲ್ಲ. ಕಂಡದ್ದನ್ನು ಬರೆದಿದ್ದೇನೆ.

ಜಾನಕೀಬಾಯಿ

•

ಚಿತ್ತಾಪುರ
೨೭ ಬಹಮನ್, ೧೩೪೪ ಫಸಲಿ

ಸುಲೇಪೇಟದ ಮಹಾಸಭೆಗೆ ನಮಸ್ಕಾರ. ಸೀರೆಯನ್ನು ಬಿಸಿಲಿನಿಂದ ಒಳಗೆ ತೆಗೆದಿಡುವುದು. ಶಿವಮ್ಮ ಇನ್ನೂ ಕರುವಿನ ಹಿಂದೆ ಓಡುವ ವಯಸ್ಸಿನವಳು.

ಗಡಿಬಿಡಿಯ ಮದುವೆ,
ಗಡಿಗೆ ಹಸಿಯಿದ್ದರೆ ನೀರು ನಿಲುವುದೆ?

ಇಲ್ಲಿಗೆ ಸಭೆಯ ಪಾಲು ಮುಗಿಯಿತು. ಜಾನಕೀಬಾಯಿಯವರೇ, ಈಗ ಕಾಗದ ಮಡಚಿ. ಉಳಿದದ್ದನ್ನು ಚಂದಮ್ಮನನ್ನು ಬಾವಿಯ ಕಡೆ ಕರೆದುಕೊಂಡು ಹೋಗಿ, ಆಕೆಗೊಬ್ಬಳಿಗೇ ಓದಿ. ನೀವು ಕಂಡು ಬರೆದ ಆ ಒಂದು ಸಾಲಿಗೆ ನಾನು ಋಣಿ.

ಚಂದಮ್ಮಾ, ಹುಡುಗ ನೌಕರಿಯಲ್ಲಿಲ್ಲ. ಚಿತ್ತಾಪುರದ ಹಾಜತಿನಲ್ಲಿದ್ದಾನೆ, ಅಂದರೆ ತೀರ್ಪು ಬರುವವರೆಗೆ ಕೂಡಿಹಾಕುವ ಕೋಣೆಯಲ್ಲಿ. ದಿನಾ ಹೋಗಿ ನೋಡಿ ಬರುತ್ತೇನೆ. ರೊಟ್ಟಿ ಒಯ್ದರೆ ತಿನ್ನುತ್ತಾನೆ, ಹೊಡೆದಿಲ್ಲ, ಜ್ವರವಿಲ್ಲ. ಇಷ್ಟನ್ನು ಮೊದಲು ಹೇಳಿಬಿಡುತ್ತೇನೆ.

ಆದದ್ದು ಹೀಗೆ. ಫರಸಿ ಅಂಗಳದಲ್ಲಿ ಒಡೆದ ತುಂಡುಗಳನ್ನು ಹಿಂದುಗಡೆ ರಾಶಿ ಹಾಕುತ್ತಾರೆ. ಅದರಲ್ಲಿ ಒಂದನ್ನು ಇವನು ಬಿಡುವಿನಲ್ಲಿ ತಾನೇ ತಿಕ್ಕಿ ಕನ್ನಡಿಯಂತೆ ಮಾಡಿದ್ದ. ಅಜ್ಜಿಯ ಬಚ್ಚಲಿಗೆ ಹಾಸಬೇಕೆಂದಿದ್ದನಂತೆ. ಸಂಜೆ ಅದನ್ನು ಹೊತ್ತು ಗೋಡೆ ಹತ್ತುವಾಗ ಕಾವಲುಗಾರ ಬಂದೇಅಲಿ ಕಿವಿ ಹಿಡಿದ. ಇದೇ ಬಂದೇಅಲಿ ಮಧ್ಯಾಹ್ನ ಇವನಿಗೆ ತನ್ನ ಡಬ್ಬಿಯಿಂದ ಸಾರು ಹಾಕುತ್ತಿದ್ದವನು. ಕಿವಿ ಹಿಡಿದದ್ದಕ್ಕೆ ಹುಡುಗನಿಗೆ ಸಿಟ್ಟು ಬಂತೋ, ಎಲ್ಲರೂ ನಕ್ಕದ್ದಕ್ಕೆ ಬಂತೋ, ಕೈಯಲ್ಲಿದ್ದ ಫರಸಿಯನ್ನೇ ಬೀಸಿದ. ಬಂದೇಅಲಿಯ ಮಣಿಕಟ್ಟು ಮುರಿಯಿತು. ಕಳವು ಒಂದು, ಗಾಯ ಒಂದು, ಎರಡು ಆರೋಪ. ಕಳವು ಸಣ್ಣದು. ಗಾಯ ದೊಡ್ಡದು.

ಈಗ ಎಲ್ಲವೂ ವಯಸ್ಸಿನ ಮೇಲೆ ನಿಂತಿದೆ. ವಕೀಲ ಪ್ರಾಣೇಶ ನನ್ನ ಗೆಳೆಯ, ಅವನೇ ಕೇಸು ನೋಡುತ್ತಿದ್ದಾನೆ. ಅವನು ಹೇಳುವ ಪ್ರಕಾರ, ಹುಡುಗ ಹದಿನೈದರ ಒಳಗಿದ್ದರೆ ಅವನನ್ನು ಹೈದರಾಬಾದಿನ ಸುಧಾರಣೆ ಶಾಲೆಗೆ ಕಳಿಸುತ್ತಾರೆ. ಹದಿನೆಂಟು ತುಂಬುವ ತನಕ ಅಲ್ಲಿಯೇ. ಹದಿನೈದು ದಾಟಿದ್ದರೆ ದೊಡ್ಡ ಕೈದಿಗಳ ಜೊತೆ ಜಿಲ್ಲೆಯ ತುರಂಗ. ಬಹುಶಃ ಒಂದು ವರ್ಷ. ದೊಡ್ಡವನಿಗೆ ಒಂದು ವರ್ಷ, ಸಣ್ಣವನಿಗೆ ಮೂರು ನಾಲ್ಕು ವರ್ಷ, ಇದು ಯಾವ ಊರಿನ ಲೆಕ್ಕವೆಂದು ಕೇಳಿದೆ. ಪ್ರಾಣೇಶ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ: “ದೊಡ್ಡವರಿಗೆ ಕೊಡೂದು ಶಿಕ್ಷಾ, ಗುರುಲಿಂಗಯ್ಯ. ಸಣ್ಣವರಿಗೆ ಕೊಡೂದು ದಯಾ. ದಯಾಕ್ಕ ಮುದ್ದತು ಜಾಸ್ತಿ.”

ಡಾಕ್ಟರಿಗೂ ತೋರಿಸಿದರು. ಅವರು ಬಾಯಿ ತೆರೆಸಿ ಹಲ್ಲು ನೋಡಿದರು, ಸಂತೆಯಲ್ಲಿ ಹೋರಿಯ ಹಲ್ಲು ನೋಡಿದ ಹಾಗೆ. ಕಂಕುಳು ನೋಡಿದರು. ಕೊನೆಗೆ, ಹದಿನಾಲ್ಕರಿಂದ ಹದಿನೆಂಟರೊಳಗೆ ಎಂದು ಬರೆದುಕೊಟ್ಟರು. ಇಷ್ಟನ್ನು ಹೋರಿ ಮಾರುವವನೂ ಹೇಳುತ್ತಿದ್ದ, ಹೋರಿಯ ಕೊಂಬೂ ಸವರುತ್ತಿದ್ದ. ನಿಮ್ಮ ಊರ ಪಟೇಲನ ದಫ್ತರದಲ್ಲಿ ರೇವಣಸಿದ್ದಯ್ಯ ಎಂಬ ಹೆಸರಿನ ಜನನ ಒಂದೇ ಇದೆ. ಆ ಲೆಕ್ಕಕ್ಕೆ ಹದಿನೇಳು. ಪೊಲೀಸ್ ಅಮೀನರು ಹುಡುಗನನ್ನೇ ಕೇಳಿದಾಗ ಅವನೂ ಎದೆಯುಬ್ಬಿಸಿ ಹದಿನೇಳು ಎಂದ. ಸುಳ್ಳು ಹೇಳುವವನ ಮುಖ ನಾನು ಶಾಲೆಯಲ್ಲಿ ದಿನಾ ನೋಡುತ್ತೇನೆ. ಅದು ಆ ಮುಖವಲ್ಲ.

ಆದರೆ ಚಂದಮ್ಮಾ, ಮಾರಿಜ್ವರದ ವರ್ಷ ನಾನು ಧಾರವಾಡದಲ್ಲಿದ್ದೆ. ಕೂಸು ಹೋಯಿತು ಎಂದು ಒಂದು ಕಾಗದ ಬಂದಿತ್ತು. ಬಹಳ ದಿನದ ಮೇಲೆ, ಕೂಸು ಬಂತು ಎಂದು ಇನ್ನೊಂದು. ಓದು ಮುಗಿಸಿ ಊರಿಗೆ ಬಂದಾಗ ನಿನ್ನ ಸೊಂಟದ ಮೇಲೆ ಒಂದು ಕೂಸಿತ್ತು, ಹೆಸರು ರೇವಣಸಿದ್ದಯ್ಯ. ಹೋದದ್ದು ಯಾವುದು, ಬಂದದ್ದು ಯಾವುದು, ನಾನು ಕೇಳಲಿಲ್ಲ. ನಮ್ಮಲ್ಲಿ ಕೇಳುವುದಿಲ್ಲ.

ಈಗ ಕೇಳುತ್ತಿದ್ದೇನೆ. ಇವನಿಗೆ ಎಷ್ಟು?

ಗುರುಲಿಂಗಯ್ಯ

•

ಸುಲೇಪೇಟ
ಪುಷ್ಯ ಶುದ್ಧ ಅಷ್ಟಮಿ

ಮಾಸ್ತರರಿಗೆ,

ಬಾವಿಯ ಹತ್ತಿರ ಓದಿದೆ. ಆಕೆ ಅಳಲಿಲ್ಲ. ಕೊಡ ತುಂಬಿದ ಮೇಲೂ ಹಗ್ಗ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ತಿದ್ದಿಲ್ಲ.

“ಅಣ್ಣಾ, ಮೊದಲಿನಂವ ಜ್ವರದಾಗ ಹೋದ. ಹೊಲದ ಬದುವಿಗೆ ತಂಗಡಿ ಗಿಡದ ಬುಡಕ ಅವನ್ನ ಇಟ್ರು. ನನಗೂ ಜ್ವರ, ನಾ ನೋಡ್ಲಿಲ್ಲ. ಮೂರನೇ ವರ್ಷಕ್ಕ ಇವ ಹುಟ್ಟಿದ. ಹುಟ್ಟಿದ ಕೂಡ್ಲೆ ಅತ್ತಿ ಮುಖ ನೋಡಿ, ಹೋದಂವನೇ ಬಂದಾನ ಅಂದ್ರು. ಮನೆತನದ ಹೆಸರು ಬಿಡಬಾರದು, ಮಾವನವರ ಹೆಸರು ಅದು. ಇವಗ ತೊಟ್ಟಿಲ ಶಾಸ್ತ್ರ ಮಾಡ್ಲಿಲ್ಲ. ಒಮ್ಮೆ ಇಟ್ಟ ಹೆಸರು ಮತ್ತೊಮ್ಮೆ ಇಡ್ತಾರೇನು ಅಂದ್ರು. ಪಟೇಲ ಬರಕೊಳ್ಳಾಕ ಬಂದ್ರ, ಹೋಗಿ ಬಂದಂವ, ನಿಮ್ಮ ದಫ್ತರದಾಗ ಆಗಲೇ ಅದಾನ ಅಂತ ವಾಪಸ್ ಕಳಿಸಿದ್ರು. ಅವತ್ತಿನಿಂದ ಇವನ ವಯಸ್ಸು ಅವನ ಹುಟ್ಟಿನಿಂದ ಎಣಿಸ್ತೀವಿ. ಹುಡುಗಗ ಇದು ಯಾವುದೂ ಗೊತ್ತಿಲ್ಲ. ಖರೇ ಅಂದ್ರ ಹದಿನಾಲ್ಕು.”

ಅಣ್ಣನಿಗೆ ಹದಿನೇಳು ಎಂದು ಯಾಕೆ ಬರೆಸಿದೆ ಎಂದು ನಾನು ಕೇಳಿದೆ. ಮಗನ ಮದುವೆ ಎಂದುಕೊಂಡಿದ್ದೆ ಎಂದಳು. ಅತ್ತೆಯ ಮುಂದೆ ಬೇರೆ ಯಾವ ಸಂಖ್ಯೆ ಹೇಳಿದರೂ, ಮೊದಲಿನವನು ಸತ್ತ ಎಂದು ಹೇಳಿದ ಹಾಗೆಯೇ. ಆ ಮಾತನ್ನು ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅಂದಿಲ್ಲವಂತೆ.

ಆಮೇಲೆ ಬರೀ ಪ್ರಶ್ನೆಗಳು. ಅವನ್ನು ನಿಮಗೆ ಕಳಿಸುತ್ತಿದ್ದೇನೆ. ಸುಧಾರಣೆ ಶಾಲೆ ಎಂದರೆ ಶಾಲೆಯೇ? ಬಾಗಿಲಿಗೆ ಕೀಲಿ ಇದೆಯೇ? ಕೀಲಿ ಇದ್ದರೆ ಶಾಲೆ ಎಂದು ಯಾಕೆ ಅನ್ನುತ್ತಾರೆ? ಪಾಠ ಉರ್ದುವಿನಲ್ಲಿ ಹೇಳಿದರೆ ಇವನಿಗೆ ತಿಳಿಯುತ್ತದೆಯೇ? ತುರಂಗದಲ್ಲಿ ಕೊಲೆ ಮಾಡಿದವರ ಹತ್ತಿರ ಮಲಗಿಸುತ್ತಾರೆಯೇ? ಎಲ್ಲಿ ಹಾಕಿದರೆ ತಾಯಿಗೆ ನೋಡಲು ಬಿಡುತ್ತಾರೆ? ಎರಡರಲ್ಲಿ ಯಾವುದು ಒಳ್ಳೆಯದು, ಅಣ್ಣ ಓದಿದವನು, ಹೇಳಲಿ.

ಮರುದಿನ ಮುಂಜಾನೆ ತಾನಾಗಿಯೇ ನನ್ನ ಮನೆಗೆ ಬಂದು ಹೇಳಿದಳು: “ಸಣ್ಣವ ಸಣ್ಣವರ ಕೂಡ ಇರಲಿ. ಎಷ್ಟು ವರ್ಷರೆ ಆಗಲಿ. ನಾನೇ ಬಂದು ಕೋರ್ಟಿನ್ಯಾಗ ಹೇಳ್ತೀನಿ. ಆ ಮಾತೂ ಅಂತೀನಿ.”

ಅತ್ತೆಗೆ ಶಿವಮ್ಮನ ಮಾತುಕತೆಗೆ ಹೋಗುತ್ತೇವೆಂದು ಹೇಳಿದ್ದಾಳೆ. ಜೊತೆಗೆ ನಾನು ಬರುತ್ತೇನೆ. ಸೇಡಂವರೆಗೆ ಗಾಡಿ, ಅಲ್ಲಿಂದ ರೈಲು. ತಾರೀಖು ತಿಳಿಸಿ.

ಒಂದು ವಿಷಯ. ಇನ್ನು ಮುಂದೆ ಸಭೆಗೆ ಬರೆಯುವುದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಮಡಚುವುದನ್ನು ಓಣಿಯವರು ನೋಡಿದ್ದಾರೆ. ಮಾಸ್ತರರಿಗೂ ಈ ಬಾಯಿಗೂ ಏನು ಗುಟ್ಟು ಎಂದು ಅಡಿಕೆ ಕತ್ತರಿಸುವವರು ನನ್ನನ್ನೇ ಕೇಳಿದರು.

ಜಾನಕೀಬಾಯಿ

•

ಚಿತ್ತಾಪುರ
೨೦ ಫರ್ವರ್ದಿ, ೧೩೪೪ ಫಸಲಿ

ಚಂದಮ್ಮಾ,

ಸಭೆಯ ಹಾಳೆ ಬೇರೆ ಇಟ್ಟಿದ್ದೇನೆ. ಅದರಲ್ಲಿ ಶಿವಮ್ಮನ ಜಾತಕದ ಬಗ್ಗೆ ಏನೋ ಪ್ರಾಸ ಕಟ್ಟಿದ್ದೇನೆ, ಜಾನಕೀಬಾಯಿಯವರು ದೊಡ್ಡ ದನಿಯಲ್ಲಿ ಓದಲಿ. ಇದು ನಿನಗೆ.

ತೀರ್ಪು ನಿನ್ನೆ ಹೇಳಿದರು. ಹದಿನೇಳೆಂದೇ ಹಿಡಿದರು. ಜಿಲ್ಲೆಯ ತುರಂಗದಲ್ಲಿ ಒಂದು ವರ್ಷ. ಅದೇ ಮಧ್ಯಾಹ್ನದ ಗಾಡಿಗೆ ವಾಡಿಯ ಮೇಲೆ ಹಾಯಿಸಿ ಗುಲ್ಬರ್ಗಕ್ಕೆ ಕರೆದೊಯ್ದರು. ನಾನು ವಾಡಿಯವರೆಗೆ ಜೊತೆಗೆ ಹೋಗಿದ್ದೆ.

ನೀನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸಾಕ್ಷಿಗೆ ಬಂದ ದಿನ ಕಟಕಟೆ ಹಿಡಿದು ನಿಂತು, ಮೊದಲನೇ ರೇವಣಸಿದ್ದಯ್ಯ ಸತ್ತ, ಇವನು ಎರಡನೆಯವನು ಎಂದಾಗ ಕೋರ್ಟಿನಲ್ಲಿ ಪಂಖಾ ಎಳೆಯುವವನೂ ಹಗ್ಗ ಬಿಟ್ಟಿದ್ದ. ನಂತರ ನೀನು ಬಾಯಿ ಮುಕ್ಕಳಿಸಲು ಬಾವಿಗೆ ಹೋದೆ. ಅಂಥ ಮಾತಾಡಿದ ಬಾಯಿಯನ್ನು ತೊಳೆಯದೆ ಇರಬಾರದು, ಸರಿ. ನೀನು ಹೋದ ಮೇಲೆ ವಿಶೇಷವೇನೂ ಆಗಲಿಲ್ಲ. ಪಟೇಲನ ದಫ್ತರ ಹದಿನೇಳು ಎನ್ನುತ್ತಿತ್ತು, ಹುಡುಗ ಹದಿನೇಳು ಎಂದಿದ್ದ, ನೀನೊಬ್ಬಳೇ ಹದಿನಾಲ್ಕು. ಎರಡರ ಮುಂದೆ ಒಂದು ಸೋತಿತು. ಕಾನೂನು ಎಂದರೆ ತಕ್ಕಡಿ ತಾನೇ.

ಬಂದೇಅಲಿಯೂ ನಿನ್ನ ಪರವಾಗಿಯೇ ಇದ್ದ. ಜೋಳಿಗೆಯಲ್ಲಿ ಕೈ ತೂಗುಹಾಕಿಕೊಂಡು ಬಂದು, ಬಚ್ಚಾ ಹೈ ಸಾಬ್, ನಾನು ಅಷ್ಟು ಜನರ ಮುಂದೆ ಕಿವಿ ಹಿಡಿಯಬಾರದಿತ್ತು ಎಂದ. ಮುನಸೀಫರು, ನಿನಗೆ ನ್ಯಾಯ ಬೇಕೋ ಬೇಡವೋ ಎಂದು ಕೇಳಿದರು. ಅವನು, ಕೈ ಸರಿಹೋದರೆ ಸಾಕು, ಈ ಕೈಯಿಂದ ಗೇಟಿನ ಅಗಳಿ ತೆಗೆಯಲು ಆಗುತ್ತಿಲ್ಲ ಎಂದ.

ಹುಡುಗನ ವಿಷಯ ಬರೆಯಬೇಕೋ ಬೇಡವೋ ತಿಳಿಯುತ್ತಿಲ್ಲ. ಬರೆಯುತ್ತೇನೆ. ನೀನು ಆ ಮಾತು ಹೇಳಿದಾಗ ನೀನು ಮುನಸೀಫರನ್ನು ನೋಡುತ್ತಿದ್ದೆ, ನಾನು ಅವನನ್ನು ನೋಡುತ್ತಿದ್ದೆ. ಮೊದಲು ನಕ್ಕ, ತನ್ನನ್ನು ಬಿಡಿಸಲು ಅವ್ವ ಏನೋ ಕಥೆ ಕಟ್ಟಿದಳು ಎನ್ನುವ ಹಾಗೆ. ನಂತರ ನೀನು ತಂಗಡಿ ಗಿಡದ ಹೆಸರು ಹೇಳಿದೆ. ಆ ಗಿಡ ಅವನಿಗೆ ಗೊತ್ತು. ನಗು ನಿಂತಿತು.

ವಾಡಿಯಲ್ಲಿ ಗಾಡಿ ಬರುವವರೆಗೆ ಪೊಲೀಸಿನವರು ಬೆಂಚಿನ ಮೇಲೆ ಕೂರಿಸಿದ್ದರು. ಅವನು ಕೇಳಿದ್ದು ಒಂದೇ ಮಾತು. “ಮಾಮಾ, ಹಂಗಾದ್ರ ಬಂದಂವ ಯಾರು?”

ನಾನು ಏನೋ ಹೇಳಿದೆ. ಮಾಸ್ತರನಿಗೆ ಏನಾದರೂ ಹೇಳುವುದು ಅಭ್ಯಾಸ. ಏನು ಹೇಳಿದೆನೆಂದು ಈಗ ನೆನಪಿಲ್ಲ.

ಒಂದು ವರ್ಷ ತಾನೇ, ಚಂದಮ್ಮಾ. ಹೈದರಾಬಾದಾದರೆ ನಾಲ್ಕು ಆಗುತ್ತಿತ್ತು. ಗುಲ್ಬರ್ಗ ಹತ್ತಿರ. ನೋಡಿ ಬರಬಹುದು. ಆದದ್ದೆಲ್ಲ ಒಳ್ಳೆಯದಕ್ಕೇ ಇರಬಹುದು.

ವರುಷವೆಂಬುದು ನಿಮಿಷ,

ಎರಡನೇ ಸಾಲು ಹೊಳೆಯುತ್ತಿಲ್ಲ. ಇರಲಿ.

ಗುರುಲಿಂಗಯ್ಯ

•

ಸುಲೇಪೇಟ
ಫಾಲ್ಗುಣ ಶುದ್ಧ ದಶಮಿ

ಮಾಸ್ತರರಿಗೆ,

ಇನ್ನು ಸಭೆಯ ಹಾಳೆ ಬೇಡ. ಸಭೆಗೆ ಎಲ್ಲವೂ ತಿಳಿದಿದೆ. ಸೇಡಂ ಸಂತೆಗೆ ಹೋದವರು ಯಾರೋ ಕೋರ್ಟಿನ ಸುದ್ದಿ ಹೊತ್ತು ತಂದರು. ಭಾಗಮ್ಮನವರು ಹೊರಸನ್ನು ಕಟ್ಟೆಯಿಂದ ಒಳಗೆ ಹಾಕಿಸಿದ್ದಾರೆ. ಸೊಸೆಯೊಡನೆ ಆಡಿದ್ದು ಒಂದೇ ಮಾತು: “ಜ್ವರ ಒಮ್ಮೆ ಒಯ್ತು. ನೀ ಇನ್ನೊಮ್ಮೆ ಒಯ್ದಿ.” ಆ ಮುದುಕಿಯ ಮೇಲೆ ಸಿಟ್ಟು ಮಾಡೋಣವೆಂದರೆ ನನ್ನಿಂದ ಆಗುತ್ತಿಲ್ಲ. ರಾತ್ರಿ ಹೆಸರು ಹಿಡಿದು ಅಳುತ್ತಾರೆ, ಯಾರ ಹೆಸರೆಂದು ತಿಳಿಯುವುದಿಲ್ಲ. ಇಬ್ಬರದೂ ಒಂದೇ ಹೆಸರು.

ಚಂದಮ್ಮ ಬರೆಸಿದ್ದು:

“ಅಣ್ಣಾ, ತಪ್ಪು ನಂದು. ಅನಬಾರದ್ದು ಅಂದೆ, ಅದಕ್ಕ ನನ್ನ ಮಾತು ನಿಲ್ಲಲಿಲ್ಲ. ಖರೇ ಹೇಳಿದ್ರೂ ದೇವರು ಅದನ್ನ ಸುಳ್ಳು ಮಾಡಿದ. ಹೋದಂವ ಹೋಗ್ಯಾನ ಅಂತ ಬಾಯಿಲೆ ಅಂದೆ, ಬಂದಂವನೂ ನನ್ನ ಕೈಬಿಟ್ಟು ಹೋದ. ಅತ್ತಿ ಹೇಳೂದ್ರಾಗ ಏನ್ ತಪ್ಪದ? ಬರೋ ಸೋಮವಾರ ನಾ ಗುಲ್ಬರ್ಗಕ್ಕ ಹೊಂಟೀನಿ. ಆ ತುರಂಗದ ಸಾಹೇಬರ ಕಾಲಿಗೆ ಬಿದ್ದು, ಕೋರ್ಟಿನ್ಯಾಗ ಸುಳ್ಳು ಹೇಳಿದೆ, ಇವ ಅವನೇ, ಹದಿನೇಳೇ ಅಂತ ಬರಸಿ ಬರ್ತೀನಿ. ಅವನ ಮುಂದೂ ಹಂಗೇ ಹೇಳ್ತೀನಿ. ನೀನೇ ಹೋಗಿ ಬಂದಂವ, ನಿನ್ನವ್ವಗ ಬುದ್ಧಿ ಕೆಟ್ಟಿತ್ತು ಅಂತೀನಿ. ಅವ ಯಾರು ಅಂತ ಅವಗರೆ ತಿಳೀಲಿ.”

ಸುಳ್ಳು ಸಾಕ್ಷಿ ಹೇಳಿದೆನೆಂದು ಬರೆಸಿಕೊಟ್ಟರೆ ಆಕೆಯನ್ನೇ ಹಿಡಿಯುವುದಿಲ್ಲವೇ ಎಂದು ಕೇಳಿದೆ. ಹಿಡಿಯಲಿ, ಹತ್ತಿರವಾದರೂ ಇರುತ್ತೇನೆ ಎಂದಳು. ತಮಾಷೆಗೆ ಹೇಳಿದಳೆಂದು ಅಂದುಕೊಂಡೆ. ಬುತ್ತಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಾಳೆ.

ಹೋದ ವಾರದಿಂದ ಆಕೆ ಮಗನ ಹೆಸರು ಎತ್ತುತ್ತಿಲ್ಲ. ಆ ಹುಡುಗ ಎನ್ನುತ್ತಾಳೆ.

ಕೊನೆಯಲ್ಲಿ ಇದನ್ನೂ ಬರೆಯಲು ಹೇಳಿದಳು. ಕಟಕಟೆಯಿಂದ ಇಳಿಯುವಾಗ ಮುನಸೀಫರು ಆಕೆಗೆ ಉರ್ದುವಿನಲ್ಲಿ ಏನೋ ಮೆತ್ತಗೆ ಹೇಳಿದ್ದರು. ಬೈದದ್ದಲ್ಲ, ಸಮಾಧಾನದ ದನಿ. ನನಗೂ ಹಾಗೇ ಕೇಳಿಸಿತ್ತು. ಅಷ್ಟು ಮೆತ್ತಗೆ ಮಾತಾಡಿದವರು ಯಾಕೆ ನಂಬಲಿಲ್ಲ? ನಾವು ಬಾವಿಗೆ ಹೋದ ಮೇಲೆ ಏನಾದರೂ ಆಯಿತೇ?

ಜಾನಕೀಬಾಯಿ

•

ಚಿತ್ತಾಪುರ
೧೫ ಅರ್ದಿಬಿಹಿಷ್ತ್, ೧೩೪೪ ಫಸಲಿ

ಚಂದಮ್ಮಾ,

ನಿನ್ನ ಕಾಗದ ಬಂದಾಗ ನಾನು ಗುಲ್ಬರ್ಗದಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ನೀನು ಸೋಮವಾರ ಹೋಗಬೇಡ. ಈ ಕಾಗದ ಬೇಗ ಮುಟ್ಟಲೆಂದು ಸೇಡಂಗೆ ಹೊರಟ ಗಾಡಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಅವನನ್ನು ನೋಡಿದೆ. ಜಾಲರಿಯ ಆಚೆ ನಿಲ್ಲಿಸಿದ್ದರು. ತುರಂಗದ ಅಂಗಿ ದೊಡ್ಡವರ ಅಳತೆಯದು, ತೋಳನ್ನು ಮೊಣಕೈವರೆಗೆ ಮಡಚಿಕೊಂಡಿದ್ದಾನೆ. ಎಲ್ಲರಿಗೂ ಜೋಳ ಬೀಸುವ ಕೆಲಸವಿದೆ. ವಯಸ್ಸಿಗೆ ತಕ್ಕ ಪಾಲು. ಹದಿನೇಳರವನಿಗೆ ಎಷ್ಟೋ ಅಷ್ಟನ್ನು ಕೊಡುತ್ತಾರೆ, ಹದಿನಾಲ್ಕರ ತೋಳು ಅಷ್ಟನ್ನು ಬೀಸುವುದಿಲ್ಲ. ಉಳಿದದ್ದನ್ನು ಸರ್ದಾರ ಎಂಬ ಒಬ್ಬ ದೊಡ್ಡ ಕೈದಿ ಬೀಸಿಕೊಡುತ್ತಾನಂತೆ. ಅವನು ಒಳಗೆ ಬಂದದ್ದು ದರೋಡೆಗೆ. ಒಳ್ಳೆಯವನು ಎಂದ ಹುಡುಗ. ಒಳ್ಳೆಯವನೇ ಇರಬಹುದು. ಬಿಡುಗಡೆಯಾದ ಮೇಲೆ ತನ್ನ ಜೊತೆ ಬಾ ಎಂದಿದ್ದಾನಂತೆ. ಬರ್ತೀನಿ ಅಂದೀನಿ ಮಾಮಾ, ಅಂದ. ಊರಿಗೆ ಬರುವುದಿಲ್ಲವೇ ಎಂದು ಕೇಳಿದೆ. ಜಾಲರಿಯ ತಂತಿಯನ್ನು ಉಗುರಿನಿಂದ ಕೆರೆಯುತ್ತಾ ನಿಂತ. ಕೆರೆಯುತ್ತಲೇ ಅಂದ: “ಆ ಊರಾಗ ನಂದೇನದ? ಹೆಸರೂ ಅವಂದೇ.”

ನೀನು ಹೋಗಿ, ನೀನೇ ಅವನು ಎಂದು ಹೇಳಿದರೆ ಈ ಹುಡುಗ ನಂಬುವುದಿಲ್ಲ. ನಂಬಿದರೆ ಇನ್ನೂ ಕೆಟ್ಟದ್ದು.

ಪ್ರಾಣೇಶನೊಡನೆ ಮಾತಾಡಿದ್ದೇನೆ. ಮೇಲಿನ ಕೋರ್ಟಿಗೆ ಅರ್ಜಿ ಹಾಕಬಹುದಂತೆ, ಗಡುವು ಇನ್ನೂ ಇದೆ. ಹದಿನಾಲ್ಕೆಂದು ಒಪ್ಪಿದರೆ ಹೈದರಾಬಾದಿಗೆ ಕಳಿಸುತ್ತಾರೆ. ಅಲ್ಲಿ ಬಡಗಿ ಕೆಲಸ, ಹೊಲಿಗೆ ಕಲಿಸುತ್ತಾರಂತೆ. ಬಾಗಿಲಿಗೆ ಕೀಲಿಯೂ ಇದೆಯಂತೆ. ಇದು ಒಳ್ಳೆಯದೋ ಅದು ಒಳ್ಳೆಯದೋ ಎಂದು ನೀನು ಕೇಳಿದ್ದೆ. ಓದಿದವನು ಹೇಳಲಿ ಎಂದಿದ್ದೆ. ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಒಂದು ಮಾತ್ರ ಗೊತ್ತು: ಅಲ್ಲಿ ಅಂಗಿಯಾದರೂ ಅವನ ಅಳತೆಯದು ಸಿಗುತ್ತದೆ.

ಅರ್ಜಿಗೆ ಹೊಸ ಸಾಕ್ಷಿ ಬೇಕು ಎಂದ ಪ್ರಾಣೇಶ. ನೀನು ಬರಬೇಕಾಗಿಲ್ಲ. ನೀನು ಹೇಳಬೇಕಾದ್ದನ್ನು ಹೇಳಿ ಆಗಿದೆ. ಈ ಸಲ ನಿಲ್ಲಬೇಕಾದವನು ನಾನು.

ಯಾಕೆಂದರೆ, ನೀವು ಬಾವಿಗೆ ಹೋದ ಮೇಲೆ ಆಯಿತು. ವಿಶೇಷವೇನೂ ಆಗಲಿಲ್ಲ ಎಂದು ನಾನು ಬರೆದದ್ದು ಸುಳ್ಳು. ಮುನಸೀಫರು ನಿನಗೆ ಹೇಳಿದ್ದು, ಹೋಗಿ ಬಾ ತಾಯಿ, ನಿನ್ನ ಮಗ ಮಕ್ಕಳ ಜೊತೆ ಇರುತ್ತಾನೆ ಎಂದು. ದಫ್ತರವನ್ನು ಪಕ್ಕಕ್ಕೆ ಸರಿಸಿ, ಲೇಖಣಿ ಮಸಿಗೆ ಅದ್ದಿದ್ದರು. ಬರೆಯುವ ಮೊದಲು ತಲೆಯೆತ್ತಿ, ವಾಡಿಕೆಗೆಂಬಂತೆ ನನ್ನನ್ನು ಕೇಳಿದರು: ಮಾಸ್ತರ್, ನೀವು ಸೋದರಮಾವ, ತಿಳಿದವರು, ನಿಮ್ಮ ತಂಗಿ ಹೇಳಿದ್ದು ನಿಜವೇ?

ಹೌದು ಎನ್ನಬೇಕಾಗಿತ್ತು. ನಾಲ್ಕು ವರ್ಷ ಎಂಬುದು ತಲೆಯಲ್ಲಿ ಬಂತು, ಹೈದರಾಬಾದು ಬಂತು, ನೀನು ಆ ದೂರಕ್ಕೆ ಹೋಗಲಾರೆ ಎಂಬುದು ಬಂತು. ಇಲ್ಲ ಎನ್ನಲೂ ಬಾಯಿ ಬರಲಿಲ್ಲ. ನಾನು ನಕ್ಕೆ. ನಕ್ಕು, ಎಲ್ಲರಿಗೂ ಕೇಳಿಸುವ ಹಾಗೆ, “ತಾಯಿ ಕರುಳು, ಸರ್ಕಾರ್,” ಎಂದೆ.

ಕೋರ್ಟಿನಲ್ಲಿದ್ದವರೂ ನಕ್ಕರು. ಮುನಸೀಫರು ಲೇಖಣಿಯ ಮಸಿ ಒರೆಸಿ, ದಫ್ತರವನ್ನು ಮತ್ತೆ ಎದುರಿಗೆ ಎಳೆದುಕೊಂಡರು.

ಅವರು ನಿನ್ನ ಮಾತು ನಂಬಿದ್ದರು, ಚಂದಮ್ಮಾ. ಕೆಡಿಸಿದವನು ನಾನು.